ಪಟ್ಟಿಯಲ್ಲಿ ಹೆಸರಿಲ್ಲದವರು

(ವಿಜಯಪುರದಲ್ಲಿ 2025ರ ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

‘ದಾಸೋಹ ಮತ್ತು ಸರ್ಕಾರದ ಸಹಾಯಧನ’ ಎಂಬ ವಿಷಯ ಕೊಟ್ಟು ಮಾತಾಡಿರಿ ಎಂದು ನನಗೆ ಹೇಳಿದ್ದಾರೆ. ನಾನು ವಚನ ಸಾಹಿತ್ಯದ ಪಂಡಿತಳಲ್ಲ. ಅಂಗನವಾಡಿ ಮೇಲ್ವಿಚಾರಕಿಯಾಗಿ ಈ ಭಾಗದ ಹಳ್ಳಿ, ತಾಂಡಾಗಳಲ್ಲಿ ನೌಕರಿ ಮಾಡಿ ನಿವೃತ್ತಳಾದವಳು. ಆಗ ತಿಕೋಟಾ, ಬಬಲೇಶ್ವರ ಬೇರೆ ತಾಲ್ಲೂಕುಗಳಾಗಿರಲಿಲ್ಲ, ಎಲ್ಲವೂ ವಿಜಾಪುರ ತಾಲ್ಲೂಕೇ. ಅಥಣಿ ರಸ್ತೆಗೂ ಜಮಖಂಡಿ ರಸ್ತೆಗೂ ಬಸ್ಸು ಹತ್ತಿ ಇಳಿದು ನನ್ನ ಆಯುಷ್ಯ ಕಳೆದಿದೆ. ಆದ್ದರಿಂದ ನಾನು ಕಂಡದ್ದನ್ನು, ಮತ್ತು ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳುತ್ತೇನೆ.

ಕಳೆದ ವರ್ಷ, 2024ರ ಬೇಸಿಗೆಯಲ್ಲಿ, ಇಬ್ಬರು ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬಂದರು. ತಿಕೋಟಾ ಕಡೆಯ ಒಂದು ತಾಂಡಾದವರು. ಒಬ್ಬಳ ಕೈಯಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇತ್ತು. ಇನ್ನೊಬ್ಬಳ ಕೈ ಬರಿದಾಗಿತ್ತು. ಇಬ್ಬರೂ ಒಂದೇ ಮಳೆಗಾಲದಲ್ಲಿ ಹುಟ್ಟಿದವರು, ಒಂದೇ ಶಾಲೆಯಲ್ಲಿ ಕಲಿತವರು, ಇಬ್ಬರೂ ಪಿಯುಸಿ ಪಾಸಾದವರು. ಬರಿಗೈಯವಳು ಕೇಳಿದಳು: ‘ಅಕ್ಕಾರ, ನನ್ನ ಹೆಸರ ಯಾಕ ಬರದಿಲ್ರಿ? ನಾ ಏನ್ ತಪ್ಪ ಮಾಡೀನಿ?’

ಭಾಗ್ಯಲಕ್ಷ್ಮಿ ಎಂದರೇನು ಎಂಬುದನ್ನು ಕಿರಿಯರಿಗಾಗಿ ಹೇಳುತ್ತೇನೆ. 2006ರ ಮಾರ್ಚ್ 31ರ ನಂತರ ಬಡ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ರಾಜ್ಯ ಸರ್ಕಾರ ಠೇವಣಿ ಇಡುತ್ತಿತ್ತು. ಮೊದಲು 10,000 ರೂಪಾಯಿ. 2008ರಿಂದ ಮೊದಲ ಹೆಣ್ಣುಮಗುವಿಗೆ 19,300, ಎರಡನೆಯವಳಿಗೆ 18,350. ಈ ದೊಡ್ಡ ಠೇವಣಿಯವರಿಗೆ 18 ವರ್ಷ ತುಂಬಿದಾಗ ಒಂದು ಲಕ್ಷದಷ್ಟು ಸಿಗಬೇಕು. ಆದರೆ ಷರತ್ತುಗಳಿವೆ. ಮಗುವಿಗೆ ಲಸಿಕೆ ಹಾಕಿಸಿರಬೇಕು, ಅಂಗನವಾಡಿಗೆ ಕಳಿಸಿರಬೇಕು, ಎಂಟನೆಯ ತರಗತಿಯವರೆಗೆ ಓದಿಸಿರಬೇಕು, ಕೂಲಿಗೆ ಹಚ್ಚಿರಬಾರದು, 18ರ ಒಳಗೆ ಮದುವೆ ಮಾಡಿರಬಾರದು. ಇದರ ಜೊತೆಗೆ ಇನ್ನೊಂದು ನಿಯಮ: ಹುಟ್ಟಿದ ಒಂದು ವರ್ಷದೊಳಗೆ, ಜನನ ಪ್ರಮಾಣಪತ್ರದೊಂದಿಗೆ, ಹೆಸರು ನೋಂದಾಯಿಸಬೇಕು. 2020ರ ನಂತರ ಈ ಯೋಜನೆ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಬದಲಾಯಿತು. ವರ್ಷಕ್ಕೆ 3,000ದಂತೆ 15 ವರ್ಷ ಸರ್ಕಾರವೇ ಹಣ ಕಟ್ಟುತ್ತದೆ. ಆದರೆ 2024ರಲ್ಲಿ 18 ತುಂಬಿದವರು ಹಳೆಯ ಬಾಂಡಿನ ಮೊದಲ ಮಕ್ಕಳು.

ಆ ಹುಡುಗಿ ಎಲ್ಲ ಷರತ್ತು ಪಾಲಿಸಿದ್ದಳು. ಅಪ್ಪ ಅವ್ವ ಪ್ರತಿ ವರ್ಷ ಕಬ್ಬು ಕಡಿಯಲು ಹೋದಾಗ ಅಜ್ಜಿಯ ಹತ್ತಿರ ಉಳಿದು ಶಾಲೆ ಬಿಡದೆ ಕಲಿತವಳು. ಆದರೆ ಅವಳ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಯಾಕೆ? ಅವಳು ಹುಟ್ಟಿದ್ದು ಬೇರೆ ತಾಲ್ಲೂಕಿನ ತವರುಮನೆಯಲ್ಲಿ. ದೀಪಾವಳಿ ಮುಗಿಯುತ್ತಲೇ ಕೂಸನ್ನು ಕಟ್ಟಿಕೊಂಡು ಅವ್ವ ಸಾಂಗ್ಲಿ ಕಡೆ ಹೋದಳು. ಅರ್ಜಿ ತುಂಬಲು ನಾವು ತಾಂಡಾಕ್ಕೆ ಹೋದಾಗ ಮನೆಗೆ ಕೀಲಿ ಹಾಕಿತ್ತು. ಯುಗಾದಿಗೆ ಅವರು ತಿರುಗಿ ಬಂದರು. ಜನನ ಪ್ರಮಾಣಪತ್ರಕ್ಕೆ ಆ ಊರಿಗೂ ಈ ಊರಿಗೂ ಓಡಾಡುವಷ್ಟರಲ್ಲಿ ವರ್ಷ ತುಂಬಿಹೋಯಿತು. ನನ್ನ ವಹಿಯಲ್ಲಿ ಆ ಕೂಸಿನ ಹೆಸರಿನ ಮುಂದೆ ನಾನು ಒಂದೇ ಶಬ್ದ ಬರೆದಿದ್ದೆ: ‘ವಲಸೆ’. ಬರೆದು ಪುಟ ಮಗುಚಿದ್ದೆ.

ನಿಯಮದ ಪ್ರಕಾರ ನನ್ನದೇನೂ ತಪ್ಪಿಲ್ಲ. ಯಾವ ಮೇಲಧಿಕಾರಿಯೂ ನನ್ನನ್ನು ಕೇಳಲಿಲ್ಲ. ಕೇಳಿದ್ದು ಆ ಹುಡುಗಿ, 18 ವರ್ಷದ ನಂತರ. ಅವರು ತಾಂಡಾದಲ್ಲಿ ಇದ್ದ ದಿನಗಳಲ್ಲಿ, ಹೋಗುವ ಮೊದಲೇ, ನಾನು ಒಂದು ಸಲ ಹೆಚ್ಚಿಗೆ ಹೋಗಿದ್ದರೆ ಸಾಕಿತ್ತು. ಸಂಕಟವಾಗಿ, ಅವಳ ಕಾಲೇಜಿನ ಮೊದಲ ವರ್ಷದ ಫೀ ನಾನು ಕಟ್ಟುತ್ತೇನೆ ಎಂದೆ. ಅವಳು ತಗೊಂಡಳು. ತಗೊಳ್ಳುವಾಗ ಒಂದು ಮಾತು ಹೇಳಿದಳು: ‘ಇದು ನೀವ್ ಕೊಟ್ಟದ್ರಿ. ಅದು ನಂದಿತ್ತು.’

ಶರಣ ಬಂಧುಗಳೇ, ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸವನ್ನು ನಾನು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೇನೆ. ಕೊಡುವವನು ಮೇಲೆ, ತಗೊಳ್ಳುವವನು ಕೆಳಗೆ ಎಂಬುದು ದಾನ. ಸಮಾಜದಿಂದ ಬಂದದ್ದು ಸಮಾಜಕ್ಕೆ ಸೇರಬೇಕು, ಕೊಡುವವನು ಬರೀ ಭಂಡಾರ ಕಾಯುವವನು ಎಂಬುದು ದಾಸೋಹ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ನಡೆದು ತೋರಿಸಿದ್ದು ಇದನ್ನೇ. ಆದರೆ ಅದು ನನ್ನ ಎದೆಗೆ ನಾಟಿದ್ದು ಆ ತಾಂಡಾದ ಹುಡುಗಿಯ ಮಾತಿನಿಂದ.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಇವತ್ತು ಬಡವರಿಗೆ ಸಿಗುವ ಸರ್ಕಾರಿ ಸೌಲಭ್ಯಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಪಟ್ಟಿಯಿಂದ ಸಿಗುತ್ತವೆ. ಅವುಗಳಲ್ಲಿ ದೊಡ್ಡದು ರೇಷನ್ ಕಾರ್ಡಿನ ಪಟ್ಟಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಬರುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರುವ ಹೆಣ್ಣುಮಗಳಿಗೆ. ರಾಜ್ಯ ಸರ್ಕಾರ ‘ಕುಟುಂಬ’ ಎಂಬ ಹೆಸರಿನಲ್ಲಿ ಎಲ್ಲ ಮನೆತನಗಳ ಗಣಕ ಪಟ್ಟಿಯನ್ನೂ ಮಾಡಿದೆ. ಅದಕ್ಕೂ ರೇಷನ್ ಕಾರ್ಡಿನ ಮಾಹಿತಿಯೇ ಬುನಾದಿ. ಬೇರೆ ಬೇರೆ ಇಲಾಖೆಗಳು ಯಾರಿಗೆ ಯಾವ ಸೌಲಭ್ಯ ಸಲ್ಲಬೇಕು ಎಂದು ಅದರಲ್ಲಿ ನೋಡಿಕೊಳ್ಳುತ್ತವೆ.

ಪಟ್ಟಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. 2021ರಲ್ಲಿ ರೈತ ವಿದ್ಯಾನಿಧಿ ಬಂದಾಗ ರೈತರ ಮಕ್ಕಳು ಬೇರೆ ಅರ್ಜಿ ಹಾಕದೆಯೇ ಅವರ ಖಾತೆಗೆ ವಿದ್ಯಾರ್ಥಿವೇತನ ಬಂತು. ಜಮೀನಿನ ಪಟ್ಟಿ, ವಿದ್ಯಾರ್ಥಿಗಳ ಪಟ್ಟಿ ಎರಡನ್ನೂ ಸರ್ಕಾರವೇ ಕೂಡಿಸಿ ನೋಡಿತು. ಯಾರ ಕಾಲಿಗೂ ಬೀಳಬೇಕಾಗಲಿಲ್ಲ, ಯಾರಿಗೂ ಲಂಚ ಕೊಡಬೇಕಾಗಲಿಲ್ಲ. ಒಳ್ಳೆಯ ಪಟ್ಟಿಗೆ ಅಷ್ಟು ಶಕ್ತಿ ಇದೆ. ಆದರೆ ಅಲ್ಲಿಯೂ ಮೊದಲು ಸಿಕ್ಕಿದ್ದು ಜಮೀನಿದ್ದವರ ಮಕ್ಕಳಿಗೆ. ಕೂಲಿಕಾರರ ಮಕ್ಕಳಿಗೆ ಬಂದದ್ದು ಆಮೇಲೆ. ಯಾವ ಪಟ್ಟಿಯಾದರೂ ಮೊದಲು ಕಾಣುವುದು ಕಾಗದ ಇದ್ದವರನ್ನು.

ನಮ್ಮ ವಿಜಯಪುರ ನಗರದಲ್ಲಿಯೇ ಒಂದು ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ವಿಧವೆ ತಾಯಿಯೊಬ್ಬಳಿದ್ದಾಳೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಮನೆಯ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ. ಹೆಣ್ಣಿಗೆ ಗೌರವ ಕೊಟ್ಟ ಒಳ್ಳೆಯ ಕಾಯ್ದೆ ಅದು. ಅದರಂತೆ ಗೃಹಲಕ್ಷ್ಮಿ ಅವಳ ಅತ್ತೆಯ ಖಾತೆಗೆ ಬರುತ್ತಿತ್ತು. ಅತ್ತೆ ಲಿಂಗೈಕ್ಯಳಾದಳು. ಹಣ ನಿಂತಿತು. ಸೊಸೆಯ ಹೆಸರಿಗೆ ಯಜಮಾನಿಕೆ ಬದಲಾಗಬೇಕು, ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ಆಧಾರ್‌ನಲ್ಲಿಯೂ ಕಾರ್ಡಿನಲ್ಲಿಯೂ ಹೆಸರು ಒಂದೇ ರೀತಿ ಇರಬೇಕು, ಬೆರಳಚ್ಚು ಹೊಂದಬೇಕು. ದಿನಾ ಬಿಸಿ ಹಂಚಿನ ಮುಂದೆ ಕೂತ ಆ ತಾಯಿಯ ಬೆರಳಿನ ಗೆರೆ ಯಂತ್ರಕ್ಕೆ ಸಿಗುತ್ತಿರಲಿಲ್ಲ. ಒಂದು ದಿನ ಹೋದರೆ ಆ ದಿನದ ರೊಟ್ಟಿ ಹೋಯಿತು. ಮೂರು ಸಲ ಹೋಗಿ ಬಂದು ಬಿಟ್ಟುಬಿಟ್ಟಳು. ಬಿಟ್ಟದ್ದು ಸೊಕ್ಕಿನಿಂದಲ್ಲ, ದಣಿವಿನಿಂದ.

ಇನ್ನು ಯಾರು ಬಡವರು ಎಂಬ ಅಳತೆ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. 2025ರ ಏಪ್ರಿಲ್‌ನಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಆಗಿತ್ತು. ನೀವೇ ಲೆಕ್ಕ ಹಾಕಿರಿ. ಗಂಡ ಹೆಂಡತಿ ಇಬ್ಬರೂ ಆ ಕೂಲಿಯಲ್ಲಿ ವರ್ಷಕ್ಕೆ ತಲಾ 163 ದಿನ ದುಡಿದರೆ 1,20,620 ರೂಪಾಯಿ ಆಗುತ್ತದೆ. ಮಿತಿ ದಾಟಿತು! ವರ್ಷದಲ್ಲಿ ಅರ್ಧದಷ್ಟೂ ದಿನ ಕಾಯಕ ಮಾಡದವರು ಮಾತ್ರ ಬಡವರು ಎಂದಂತಾಯಿತು. ಪ್ರಾಮಾಣಿಕವಾಗಿ ದುಡಿದು, ಪ್ರಾಮಾಣಿಕವಾಗಿ ಆದಾಯ ಹೇಳಿದವನಿಗೆ ಕಾರ್ಡಿಲ್ಲ. ಹೀಗಾಗಿ ಎಲ್ಲರೂ ಸುಳ್ಳು ಆದಾಯ ಬರೆಸುತ್ತಾರೆ. ಕಾಯಕವನ್ನು ಧರ್ಮವೆಂದು ಒಪ್ಪಿದ ನಾವು ಇದನ್ನು ಕೇಳಬೇಡವೇ? ದುಡಿಯುವವನು ಸುಳ್ಳು ಹೇಳಲೇಬೇಕಾದ ಅಳತೆಯನ್ನು ಬದಲಿಸಿರಿ ಎಂದು ಮಠಗಳು, ಬಸವಪರ ಸಂಘಟನೆಗಳು ಗಟ್ಟಿ ದನಿಯಲ್ಲಿ ಹೇಳಬೇಕು.

2024ರ ನವೆಂಬರ್‌ನಲ್ಲಿ ಅನರ್ಹರ ಕಾರ್ಡು ತೆಗೆಯಲು ಹೋಗಿ ಅರ್ಹರ ಕಾರ್ಡುಗಳೂ ರದ್ದಾದವು. ಗದ್ದಲವಾದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮರಳಿ ಕೊಡಿ ಎಂದು ಸರ್ಕಾರವೇ ಆದೇಶಿಸಬೇಕಾಯಿತು. ಗದ್ದಲ ಮಾಡಲು ಬಂದವರಿಗೆ ಕಾರ್ಡು ಮರಳಿತು. ಆಗ ಕಬ್ಬಿನ ಗದ್ದೆಯಲ್ಲಿ ಇದ್ದವರ ಪರವಾಗಿ ಯಾರು ಹೋಗಿದ್ದರು?

ಇದಕ್ಕಿಂತ ಹಳೆಯದೊಂದು ಪಟ್ಟಿಯ ನೋವು ನಮ್ಮ ಜಿಲ್ಲೆಯಲ್ಲಿದೆ. ದೇವದಾಸಿ ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 1982ರಲ್ಲಿ. 1993–94ರಲ್ಲಿ ಒಮ್ಮೆ, 2007–08ರಲ್ಲಿ ಒಮ್ಮೆ ಸಮೀಕ್ಷೆ ನಡೆಯಿತು. ಮಾಸಾಶನವೂ ಉಳಿದ ನೆರವೂ ಆ ಪಟ್ಟಿಗಳಲ್ಲಿ ಹೆಸರಿದ್ದವರಿಗೆ. ಸಮೀಕ್ಷೆಯ ದಿನ ಮುಂಬಯಿ, ಪುಣೆಗೆ ಹೋದವರು, ನಾಚಿ ಹೆಸರು ಹೇಳದವರು, ಮಗನ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಟ್ಟವರು ಹೊರಗುಳಿದರು. ಅನುಭವ ಮಂಟಪದ ಶರಣೆಯರ ಸಾಲಿನಲ್ಲಿ ಸೂಳೆ ಸಂಕವ್ವೆಗೂ ಹೆಸರಿದೆ, ಅವಳ ವಚನಕ್ಕೂ ಜಾಗವಿದೆ. ಹನ್ನೆರಡನೆಯ ಶತಮಾನದ ಪಟ್ಟಿಯಲ್ಲಿ ಸಿಕ್ಕ ಜಾಗ ಇಪ್ಪತ್ತೊಂದನೆಯ ಶತಮಾನದ ಪಟ್ಟಿಯಲ್ಲಿ ಅವಳ ಅಕ್ಕತಂಗಿಯರಿಗೆ ಸಿಗದಿದ್ದರೆ ನಾವು ಸುಮ್ಮನೆ ಕೂಡುವುದು ಹೇಗೆ?

ಇಲ್ಲಿಯವರೆಗೆ ಸರ್ಕಾರದ ಮಾತಾಯಿತು. ಇನ್ನು ನಮ್ಮ ಮಾತು. ಇದು ಕೆಲವರಿಗೆ ಕಹಿಯಾದೀತು, ಕ್ಷಮಿಸಿರಿ.

ಬಬಲೇಶ್ವರ ಕಡೆಯ ಒಂದು ಹಳ್ಳಿಯಲ್ಲಿ ಇನ್ನೊಬ್ಬ ಹುಡುಗಿ. ಅವಳ ಹೆಸರು ಪಟ್ಟಿಯಲ್ಲಿತ್ತು, ಬಾಂಡ್ ಮನೆಯಲ್ಲಿತ್ತು. 16ಕ್ಕೇ ಮದುವೆ ಮಾಡಿದರು. ಬಾಂಡಿನ ಹಣ ಹೋಯಿತು. ಅದು ತಾಂಡಾದ ಮನೆಯಲ್ಲ, ನಮ್ಮವರ ಮನೆಯೇ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರೇ ಆ ಮದುವೆಗೆ ಹೋಗಿ ಅಕ್ಷತೆ ಹಾಕಿ ಬಂದರು. ಷರತ್ತು ಮುರಿದವರು ತಂದೆ ತಾಯಿ, ಊರು, ಸಮಾಜ. ಶಿಕ್ಷೆ ಅನುಭವಿಸಿದವಳು ಹುಡುಗಿ. ಓದೂ ಹೋಯಿತು, ಹಣವೂ ಹೋಯಿತು. ಷರತ್ತು ಇಡುವ ಯೋಜನೆಗಳ ದೊಡ್ಡ ಕೊರತೆ ಇದೇ. ಎಲ್ಲರಿಗಿಂತ ದುರ್ಬಲರಾದವರ ತಲೆಯ ಮೇಲೆಯೇ ದಂಡ ಬೀಳುತ್ತದೆ. ಸಾಮೂಹಿಕ ವಿವಾಹ ಮಾಡುವ ಪ್ರತಿಯೊಂದು ಮಠವೂ ವಧುವಿನ ಶಾಲೆಯ ದಾಖಲೆ ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಹೆಸರು ಬರೆದುಕೊಳ್ಳಲಿ. ಮನೆಯಲ್ಲಿ ಮಾಡುವ ಎಳೆಯ ಮದುವೆಗೆ ಸ್ವಾಮಿಗಳಾಗಲಿ ಭಕ್ತರಾಗಲಿ ಹೋಗದಿರಲಿ.

ಎರಡನೆಯದು, ಕಾರ್ಡಿನ ಅಗತ್ಯವಿಲ್ಲದ ನಮ್ಮವರು. ಏತ ನೀರಾವರಿಯ ನೀರು ಬಂದ ಮೇಲೆ ತಿಕೋಟಾ, ಬಬಲೇಶ್ವರ ಭಾಗದಲ್ಲಿ ದ್ರಾಕ್ಷಿ, ಕಬ್ಬು, ಒಣದ್ರಾಕ್ಷಿಯ ಶೆಡ್ಡುಗಳು ಎದ್ದಿವೆ. ಸಂತೋಷ, ಕಾಯಕದ ಫಲ. ಆದರೆ ಕಾರಿನಲ್ಲಿ ಹೋಗಿ ರೇಷನ್ ಅಕ್ಕಿ ತರುವವರೂ ನಮ್ಮಲ್ಲಿದ್ದಾರೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಮಾರಯ್ಯ ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ಅಕ್ಕಿಯ ಆಸೆ ನಮಗೇಕೆ ಎಂದು ಹೇಳಿ ತಿರುಗಿ ಸುರಿದು ಬರಲು ಕಳಿಸಿದ ತಾಯಿ ಆಕೆ. ಬಡವಳಾಗಿದ್ದೂ ಹೆಚ್ಚಿನದನ್ನು ತಿರುಗಿ ಕೊಟ್ಟಳು. ನಾವು ಅವಳ ಫೋಟೋ ಪೂಜೆ ಮಾಡುತ್ತ, ಬೇಡದ ಕಾರ್ಡನ್ನು ಕಪಾಟಿನಲ್ಲಿಟ್ಟುಕೊಳ್ಳುತ್ತೇವೆ. ಅನರ್ಹರ ಕಾರ್ಡು ತೆಗೆಯುತ್ತೇವೆ ಎಂದು ಸರ್ಕಾರ ಹೊರಟಾಗ ಮೊದಲು ಪೆಟ್ಟು ಬಿದ್ದದ್ದು ಬಡವರಿಗೆ. ಆ ತೆಗೆಯುವ ಕೆಲಸಕ್ಕೆ ಕಾರಣ ಯಾರು? ನಮ್ಮಂಥವರೇ.

ಮೂರನೆಯದು, ನಾಲಿಗೆಯ ತಪ್ಪು. ‘ಎರಡು ಸಾವಿರ ಬಂದು ಹೆಣ್ಣುಮಕ್ಕಳು ಸೋಮಾರಿಗಳಾದರು, ಕೂಲಿಗೆ ಬರುವುದಿಲ್ಲ’ ಎಂದು ಕಟ್ಟೆಯ ಮೇಲೆ ಕೂತು ಹೇಳುವವರ ಮಾತು ಕೇಳಿ ಸಾಕಾಗಿದೆ. 2,000ವನ್ನು 30 ದಿನಕ್ಕೆ ಹಂಚಿರಿ. ದಿನಕ್ಕೆ 67 ರೂಪಾಯಿಯೂ ಆಗುವುದಿಲ್ಲ. ಅದರಲ್ಲಿ ಸೋಮಾರಿಯಾಗುವುದು ಹೇಗೆ? ನಾನು ಕಂಡ ತಾಯಂದಿರು ಅದರಿಂದ ಗ್ಯಾಸ್ ಸಿಲಿಂಡರ್ ತಂದಿದ್ದಾರೆ, ಬಿಪಿ ಗುಳಿಗೆ ತಗೊಂಡಿದ್ದಾರೆ, ಮಗಳಿಗೆ ಕಾಲೇಜಿನ ಪುಸ್ತಕ ಕೊಡಿಸಿದ್ದಾರೆ. ನೆರೆಯ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ ಅಜ್ಜಿಯೊಬ್ಬರು 2024ರಲ್ಲಿ ಗೃಹಲಕ್ಷ್ಮಿಯ ಹಣ ಕೂಡಿಟ್ಟು ಊರಿಗೇ ಹೋಳಿಗೆ ಊಟ ಹಾಕಿಸಿದರು. ಪಡೆದವರೇ ದಾಸೋಹ ಮಾಡಿದರು! ಅವರನ್ನು ಸೋಮಾರಿ ಎನ್ನುವ ಬಾಯಿ ನಮಗಿದೆಯೇ?

ಜಗತ್ತಿನ ಬೇರೆ ಕಡೆ ಏನು ಮಾಡಿದ್ದಾರೆ ಎಂಬುದನ್ನು ಸ್ವಲ್ಪ ನೋಡೋಣ. ಮಕ್ಕಳನ್ನು ಶಾಲೆಗೆ, ದವಾಖಾನೆಗೆ ಕಳಿಸುವ ಷರತ್ತಿನ ಮೇಲೆ ತಾಯಂದಿರ ಕೈಗೆ ಹಣ ಕೊಡುವ ದೊಡ್ಡ ಯೋಜನೆಯನ್ನು ಮೆಕ್ಸಿಕೋ 1997ರಲ್ಲಿ ಆರಂಭಿಸಿತು. ಬ್ರೆಜಿಲ್ 2003ರಲ್ಲಿ ಬೋಲ್ಸಾ ಫಮೀಲಿಯಾ ತಂದಿತು. ಬ್ರೆಜಿಲ್‌ನ ಎರಡು ಸಂಗತಿ ನನಗೆ ಹಿಡಿಸಿದವು. ಒಂದು, ಮಗು ಶಾಲೆಗೆ ಬರದಿದ್ದರೆ ಒಮ್ಮೆಲೇ ಹಣ ನಿಲ್ಲಿಸುವುದಿಲ್ಲ. ಮೊದಲು ಎಚ್ಚರಿಕೆ, ಆಮೇಲೆ ಹಂತಹಂತವಾಗಿ ಮುಂದಿನ ಕ್ರಮ. ಆ ಮನೆಯಲ್ಲಿ ಏನೋ ಕಷ್ಟವಿದೆ ಎಂಬುದರ ಸೂಚನೆ ಅದು ಎಂದು ತಿಳಿದು ವಿಚಾರಿಸುತ್ತಾರೆ. ಎರಡು, ಬಡವರ ಪಟ್ಟಿಯನ್ನು 2001ರಲ್ಲೇ ಮಾಡಿದ್ದರೂ, ಕಡುಬಡವರು ಅದರಲ್ಲಿ ಇನ್ನೂ ಸೇರಿಲ್ಲ ಎಂದು ತಿಳಿದು, 2011ರಲ್ಲಿ ಅವರನ್ನು ಹುಡುಕಿಕೊಂಡು ಹೋಗುವ ಕೆಲಸ ಆರಂಭಿಸಿದರು. ಬಡವರು ಕಚೇರಿಗೆ ಬರಲಿ ಎಂದು ಕಾಯಲಿಲ್ಲ.

ಹುಡುಕಿಕೊಂಡು ಹೋಗುವುದು! ಇದು ನಮಗೆ ಹೊಸದೇ? ಇದೇ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಾಳಿದರು. ವಚನದ ತಾಳೆಗರಿಗಳು ತಾವಾಗಿಯೇ ತಮ್ಮ ಮನೆಗೆ ಬರಲಿ ಎಂದು ಅವರು ಕೂಡಲಿಲ್ಲ. ಊರೂರು ತಿರುಗಿದರು, ಮನೆಮನೆಯ ಜಗಲಿ ಹುಡುಕಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ಬಡವರಿಗೆ ಸಾಲ ಸಿಗಲೆಂದು 1912ರಲ್ಲೇ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಕಟ್ಟಿದರು. ಅವರು ತಿರುಗದಿದ್ದರೆ ಎಷ್ಟೋ ಶರಣರ ಹೆಸರು ಇವತ್ತಿನ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ತಾಳೆಗರಿಯಲ್ಲಿ ಕಳೆದುಹೋಗಿದ್ದ ಹೆಸರು ಹುಡುಕಿದ ಊರಿನವರು ನಾವು. ಜೀವಂತ ಇರುವವರ ಹೆಸರು ಹುಡುಕಲಾರೆವೇ?

ಅದಕ್ಕಾಗಿ ಪೂಜ್ಯರಲ್ಲಿ ಮತ್ತು ನಿಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಅಮವಾಸ್ಯೆಗೆ, ಸೋಮವಾರಕ್ಕೆ ನಮ್ಮ ಮಠಗಳಿಗೆ ಜನ ಬರುತ್ತಾರೆ, ಪ್ರಸಾದ ತಗೊಳ್ಳುತ್ತಾರೆ. ಪ್ರಸಾದ ನಿಲಯದ ಪಕ್ಕದಲ್ಲಿ ಒಂದು ಮೇಜು ಇಡೋಣ. ಓದಿದ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ನನ್ನಂಥ ಒಬ್ಬ ನಿವೃತ್ತರು ಕೂಡಲಿ. ಯಾರ ಕಾರ್ಡು ನಿಂತಿದೆ, ಯಾರ ಬೆರಳಚ್ಚು ಹೊಂದುತ್ತಿಲ್ಲ, ಯಾರ ಕೂಸಿನ ಜನನ ದಾಖಲೆ ಆಗಿಲ್ಲ ಎಂದು ಕೇಳಲಿ. ಬೇಕಾದ ಅರ್ಜಿ ತುಂಬಿ, ಕಚೇರಿಗೆ ಜೊತೆಯಲ್ಲಿ ಹೋಗಲಿ. ಮಠಕ್ಕೆ ಬಾರದವರ ಬಳಿಗೆ, ತಾಂಡಾಕ್ಕೆ, ಕೇರಿಗೆ, ಇಟ್ಟಂಗಿ ಭಟ್ಟಿಗೆ ಅವರೇ ಹೋಗಲಿ. ದೀಪಾವಳಿಗೆ ಮೊದಲೇ ಹೋಗಲಿ, ಆಮೇಲೆ ಹೋದರೆ ಮನೆಗೆ ಕೀಲಿ ಬಿದ್ದಿರುತ್ತದೆ.

ಈ ಕೆಲಸಕ್ಕೂ ನಾವು ಕೆಲವು ಕಟ್ಟು ಹಾಕಿಕೊಳ್ಳೋಣ. ಯಾರ ಜಾತಿಯನ್ನೂ ಕುತೂಹಲಕ್ಕೆ ಕೇಳಬಾರದು. ಪಂಕ್ತಿಯಲ್ಲಿ ಕೇಳದ್ದನ್ನು ಮೇಜಿನ ಮುಂದೆ ಏಕೆ ಕೇಳಬೇಕು? ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಪ್ರತಿ ನಮ್ಮ ಹತ್ತಿರ ಇಟ್ಟುಕೊಳ್ಳಬಾರದು, ಕೆಲಸ ಮುಗಿದ ಕೂಡಲೇ ತಿರುಗಿ ಕೊಡಬೇಕು. ಹಣ ಬಂದವರ ಫೋಟೋ ತೆಗೆದು ‘ಮಠದ ಕೃಪೆ’ ಎಂದು ಹಾಕಬಾರದು. ಅದು ಅವರದೇ. ನಾವು ಬರೀ ಬಾಗಿಲು ತೋರಿಸಿದವರು. ಇನ್ನು ಕಾರ್ಡು ಬೇಡವಾದ ನಮ್ಮ ಭಕ್ತರು ಲಕ್ಕಮ್ಮನನ್ನು ನೆನೆದು ತಾವೇ ಆಹಾರ ಇಲಾಖೆಗೆ ಮರಳಿಸಲಿ.

ಆ ತಾಂಡಾದ ಹುಡುಗಿ ಈಗ ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಳೆ. ಭಾಗ್ಯಲಕ್ಷ್ಮಿಯ ಹಣ ಅವಳಿಗೆ ಇನ್ನು ಬರುವುದಿಲ್ಲ, ಆ ಬಾಗಿಲು ಮುಚ್ಚಿದೆ. ನನ್ನ ಹಳೆಯ ವಹಿಯನ್ನೂ ನಾನು ತಿದ್ದಲಾರೆ. ಆದರೆ ಅವಳ ತಮ್ಮ ತಂಗಿಯರ ವಯಸ್ಸಿನ ಎಷ್ಟೋ ಕೂಸುಗಳು ಈ ದೀಪಾವಳಿಯ ನಂತರ ಮತ್ತೆ ಟ್ರ್ಯಾಕ್ಟರ್ ಹತ್ತುತ್ತವೆ. ಯಾರದೋ ವಹಿಯಲ್ಲಿ ಅವುಗಳ ಹೆಸರಿನ ಮುಂದೆ ‘ವಲಸೆ’ ಎಂದು ಬೀಳುವ ಮೊದಲು ನಮ್ಮಲ್ಲಿ ಯಾರಾದರೂ ಆ ಮನೆಯ ಬಾಗಿಲು ತಟ್ಟಿರಬೇಕು. ಇಷ್ಟೇ ನನ್ನ ಅರಿಕೆ.